ಫೋಟೋಗ್ರಫಿ ಟೂರ್ ಅಂತ ದುಡ್ಡು ತಗೊಂಡು, ಸೂರ್ಯ ಮುಳುಗೋ ಮುಂಚೆನೇ ಗಾಡಿ ಹತ್ತಿಸಿದ ನಿಮ್ಮ ಅಂಡಮಾನ್ ಪ್ಯಾಕೇಜ್ ಬಗ್ಗೆ ದೂರು

ಮ್ಯಾನೇಜರ್ ಅವರಿಗೆ ನಮಸ್ಕಾರ,

ಫೋನ್ ಮಾಡಿ ಮಾಡಿ ಸಾಕಾಗಿ ಇದನ್ನ ಬರೀತಿದೀನಿ. ಪ್ರತಿ ಸಲ ಬೇರೆ ಬೇರೆ ಹುಡುಗಿ ಫೋನ್ ಎತ್ತೋದು, ನಾನು ಮೊದಲಿಂದ ಕಥೆ ಹೇಳೋದು, ಆಮೇಲೆ "ಸಂಬಂಧಪಟ್ಟವರಿಗೆ ಫಾರ್ವರ್ಡ್ ಮಾಡಿದೀವಿ ಮೇಡಂ" ಅಂತ ಇಡೋದು. ಆ ಸಂಬಂಧಪಟ್ಟವರು ಯಾರು ಅಂತ ಇವತ್ತಿನವರೆಗೂ ನನಗೆ ಗೊತ್ತಾಗಿಲ್ಲ. ನಿನ್ನೆ ನಿಮ್ಮಿಂದ ಒಂದು ಮೆಸೇಜ್ ಬಂತು, ನಿಮ್ಮ ಫೀಡ್‌ಬ್ಯಾಕ್‌ಗೆ ಧನ್ಯವಾದ, ಮುಂದಿನ ಟೂರ್‌ಗೆ ಐದು ಪರ್ಸೆಂಟ್ ಡಿಸ್ಕೌಂಟ್ ಕೂಪನ್ ಕಳಿಸಿದೀವಿ ಅಂತ. ನಾನು ಕೊಟ್ಟಿದ್ದು ಫೀಡ್‌ಬ್ಯಾಕ್ ಅಲ್ಲ, ದೂರು. ನಿಮ್ಮ ಕೂಪನ್ ನನಗೆ ಬೇಡ, ಮತ್ತೆ ನಿಮ್ಮ ಜೊತೆ ಬಸ್‌ಸ್ಟಾಪ್ ತನಕನೂ ನಾನು ಬರಲ್ಲ.

ನೀವು ಮಾರಿದ್ದು ಏನು ಅನ್ನೋದನ್ನ ಮೊದಲು ನಿಮಗೇ ನೆನಪಿಸಬೇಕಾಗಿದೆ. ನಿಮ್ಮ ಹತ್ರ ಸಾಮಾನ್ಯ ಅಂಡಮಾನ್ ಪ್ಯಾಕೇಜ್ ಒಂದಿದೆ, ಅದರ ಮೇಲೆ ತಲೆಗೆ 18,000 ಜಾಸ್ತಿ ತಗೊಂಡು "ಟ್ರಾವೆಲ್ ಫೋಟೋಗ್ರಫಿ ಸ್ಪೆಷಲ್" ಅಂತ ಇನ್ನೊಂದು ಇಟ್ಟಿದೀರಿ. ನಿಮ್ಮ ಬ್ರೋಷರ್‌ನಲ್ಲೇ ಬರೆದಿರೋದು: ಬೆಳಕು ಮತ್ತು ಉಬ್ಬರ ಇಳಿತ ನೋಡಿ ಸಮಯ ನಿಗದಿ, ಫೋಟೋಗ್ರಾಫರ್‌ಗಳಿಗೆ ಮಾತ್ರ ಸಣ್ಣ ಗುಂಪು, ಪ್ರತ್ಯೇಕ ವಾಹನ. ಹೋಟೆಲ್ ಅದೇ, ಊಟ ಅದೇ, ಬೋಟ್ ಅದೇ, ಬೀಚುಗಳೂ ಅವೇ. ಹಾಗಾದ್ರೆ ಆ 18,000 ಯಾವುದಕ್ಕೆ? ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ನಿಲ್ಲಿಸೋದಕ್ಕೆ. ಅದೊಂದನ್ನ ಬಿಟ್ಟು ಎಲ್ಲಾ ಕೊಟ್ರಿ.

ನಾನು ಬುಕ್ ಮಾಡೋ ಮುಂಚೆ ಕಣ್ಣು ಮುಚ್ಕೊಂಡು ದುಡ್ಡು ಕಟ್ಟಿಲ್ಲ. ಮೈಸೂರಲ್ಲಿ ನಮ್ಮದೊಂದು ಫೋಟೋಗ್ರಫಿ ಗುಂಪಿದೆ, ಅಲ್ಲಿ ಹಿರಿಯರ ಹತ್ರ ಕೂತು ಎಲ್ಲಾ ಲೆಕ್ಕ ಹಾಕಿದ್ದೆ. ಶಿವರಾತ್ರಿ ಆದ ಅಮಾವಾಸ್ಯೆ ಹೊತ್ತಿಗೆ ಹೋದ್ರೆ ಚಂದ್ರನ ಬೆಳಕು ಇರಲ್ಲ, ಹ್ಯಾವ್‌ಲಾಕ್ ದ್ವೀಪದ ಕಾಲಾಪತ್ಥರ್ ಬೀಚ್ ಪೂರ್ವಕ್ಕೆ ಮುಖ ಮಾಡಿರೋದ್ರಿಂದ ಬೆಳಗಿನ ಜಾವ ನಾಲ್ಕಕ್ಕೆ ಅಲ್ಲಿ ನಿಂತ್ರೆ ಆಗ್ನೇಯ ದಿಕ್ಕಲ್ಲಿ ಸಮುದ್ರದ ಮೇಲೆ ಆಕಾಶಗಂಗೆ ಸಿಗುತ್ತೆ, ಅಮಾವಾಸ್ಯೆ ಹುಣ್ಣಿಮೆ ಸುತ್ತ ನೀರು ಜಾಸ್ತಿ ಇಳಿಯೋದ್ರಿಂದ ಆ ಕಪ್ಪು ಬಂಡೆಗಳು ಪೂರ್ತಿ ಮೇಲೆ ಕಾಣ್ತವೆ, ಹಾಗೇ ನಿಂತಿದ್ರೆ ಐದೂ ಮುಕ್ಕಾಲರ ಹೊತ್ತಿಗೆ ಅದೇ ಜಾಗದಲ್ಲಿ ಸೂರ್ಯೋದಯನೂ ಸಿಗುತ್ತೆ. ಇದನ್ನೆಲ್ಲಾ ನಿಮ್ಮ ಸೇಲ್ಸ್ ಹುಡುಗನಿಗೆ ವಾಟ್ಸಾಪ್‌ನಲ್ಲಿ ಕಳಿಸಿ, ಇದು ಆಗುತ್ತಾ ಇಲ್ವಾ ಹೇಳಪ್ಪ, ಆಗಲ್ಲ ಅಂದ್ರೂ ಬೇಜಾರಿಲ್ಲ ಅಂತ ಕೇಳಿದೀನಿ. "100% ಆಗುತ್ತೆ ಮೇಡಂ, ನಮ್ಮ ಟೂರ್ ಲೀಡರ್ ಪ್ರೊಫೆಷನಲ್ ಫೋಟೋಗ್ರಾಫರ್" ಅಂತ ಬರೆದಿದಾನೆ. ಸ್ಕ್ರೀನ್‌ಶಾಟ್ ಇದರ ಜೊತೆ ಇದೆ. ಅಮಾವಾಸ್ಯೆಲಿ ಪ್ರಯಾಣ ಬೇಡ ಅಂತ ನಮ್ಮತ್ತೆ ಎಷ್ಟು ಹೇಳಿದ್ರೂ ಅವರನ್ನ ಒಪ್ಪಿಸಿ ಹೊರಟಿದ್ದು ಆ ಒಂದು ಮಾತಿನ ಮೇಲೆ.

ಅಲ್ಲಿ ಆಗಿದ್ದು ನೋಡಿ. ಏರ್‌ಪೋರ್ಟಲ್ಲೇ ಗೊತ್ತಾಯ್ತು, ಗುಂಪಲ್ಲಿ ಕ್ಯಾಮೆರಾ ಇದ್ದೋರು ನಾವು ಮೂರೇ ಜನ, ಉಳಿದೋರೆಲ್ಲಾ ನಿಮ್ಮ ಸಾಮಾನ್ಯ ಪ್ಯಾಕೇಜ್‌ನೋರು, ಹೊಸದಾಗಿ ಮದುವೆ ಆದೋರು, ಮಕ್ಕಳು ಮರಿ ಕಟ್ಕೊಂಡು ಬಂದೋರು. ಅವರ ಮೇಲೆ ನನಗೆ ಕೋಪ ಇಲ್ಲ, ಅವರಿಗೂ ನೀವು ಮೋಸನೇ ಮಾಡಿದೀರಿ, ನಾವು ಟ್ರೈಪಾಡ್ ಇಟ್ಕೊಂಡು ನಿಂತಾಗ ಆ ಮಕ್ಕಳು ಬಿಸಿಲಲ್ಲಿ ಕಾಯ್ಬೇಕಾಯ್ತು. ಕಾಲಾಪತ್ಥರ್‌ಗೆ ಕರ್ಕೊಂಡು ಹೋಗಿದ್ದು ಬೆಳಿಗ್ಗೆ ತಿಂಡಿ ಆದ್ಮೇಲೆ. ಆಗ ನೀರು ಏರಿತ್ತು, ಬಂಡೆ ಇರ್ಲಿ, ಮರಳೇ ಸರಿಯಾಗಿ ಕಾಣ್ತಿರಲಿಲ್ಲ, ಬಿಸಿಲು ನೆತ್ತಿಗೆ ಬರ್ತಿತ್ತು. ಆ ಹೊತ್ತಿನ ಬಿಸಿಲು ಬೇಕಾಗೋ ಜಾಗನೂ ಅಲ್ಲೇ ಇದೆ. ಎಲಿಫೆಂಟ್ ಬೀಚ್‌ಗೆ ಬೋಟಲ್ಲಿ ಹೋದ್ರೆ ಸೂರ್ಯ ಮೇಲಿದ್ದಾಗಲೇ ನೀರಿನ ತಿಳಿ ಹಸಿರು ನೀಲಿ ಬಣ್ಣ ಚೆನ್ನಾಗಿ ಬರೋದು, ನೀರಿನ ಹೊಳಪು ತಗ್ಗಿಸೋ ಪೋಲರೈಸರ್ ಫಿಲ್ಟರ್ ಹಾಕಿದ್ರೆ ಕೆಳಗಿರೋ ಹವಳದ ನೆರಳೂ ಕಾಣುತ್ತೆ. ಅಲ್ಲಿಗೆ ಕರ್ಕೊಂಡು ಹೋಗಿದ್ದು ಮೋಡ ಕವಿದ ಸಂಜೆ ಹೊತ್ತಿಗೆ. ಅಂದ್ರೆ ಬೆಳಗಿನ ಜಾವದ ಜಾಗಕ್ಕೆ ಬಿಸಿಲೇರಿದ ಮೇಲೆ, ಬಿಸಿಲಿನ ಜಾಗಕ್ಕೆ ಸಂಜೆ.

ನೀಲ್ ದ್ವೀಪದಲ್ಲಿ ಇನ್ನೂ ಅನ್ಯಾಯ. ಲಕ್ಷ್ಮಣಪುರ ಕಡೆ ಇರೋ ನ್ಯಾಚುರಲ್ ಬ್ರಿಡ್ಜ್, ಅಲ್ಲಿನ ಬಂಗಾಳಿ ಜನ ಹೌರಾ ಬ್ರಿಡ್ಜ್ ಅಂತ ಕರೆಯೋ ಆ ಕಲ್ಲಿನ ಕಮಾನು, ನೀರು ಇಳಿದಾಗ ಮಾತ್ರ ಹತ್ತಿರ ಹೋಗೋಕೆ ಆಗೋ ಜಾಗ. ಇಳಿತದಲ್ಲಿ ಹೋದ್ರೆ ಸತ್ತ ಹವಳದ ಮೇಲೆ ಹುಷಾರಾಗಿ ಕಾಲಿಡ್ತಾ ನಡೀಬಹುದು, ಅಲ್ಲಲ್ಲಿ ನಿಂತ ನೀರಲ್ಲಿ ನಕ್ಷತ್ರ ಮೀನು ಸಮುದ್ರ ಸೌತೆ ಎಲ್ಲಾ ಕಾಣ್ತವೆ. ಅಮಾವಾಸ್ಯೆ ಆಸುಪಾಸಲ್ಲಿ ಅಲ್ಲಿ ನೀರು ಇಳಿಯೋದು ಮಧ್ಯಾಹ್ನ ಮೂರೂವರೆ ನಾಲ್ಕರ ಸುಮಾರಿಗೆ, ಬೆಳಿಗ್ಗೆ ಹತ್ತರ ಹೊತ್ತಿಗೆ ತುಂಬಿರುತ್ತೆ. ನಮ್ಮನ್ನ ಇಳಿಸಿದ್ದು ಬೆಳಿಗ್ಗೆ ಹತ್ತಕ್ಕೆ! ಗೈಡ್ ದೂರದಿಂದ ಬೆಟ್ಟು ಮಾಡಿ ತೋರಿಸಿ, ಅದೇ ನೋಡಿ ಬ್ರಿಡ್ಜು ಅಂತ ಹೇಳಿ ವಾಪಸ್ ಕರ್ಕೊಂಡು ಬಂದ. ಟೈಡ್ ಚಾರ್ಟ್ ಮೊಬೈಲಲ್ಲಿ ಯಾರು ಬೇಕಾದ್ರೂ ನೋಡಬಹುದು, ಅದಕ್ಕೆ ದುಡ್ಡೂ ಕೊಡಬೇಕಿಲ್ಲ.

ಈಗ ಹ್ಯಾವ್‌ಲಾಕ್‌ನಲ್ಲೇ ಇರೋ ರಾಧಾನಗರ ಬೀಚಿನ ವಿಷಯ. ಇದನ್ನ ಪೂರ್ತಿ ಬರೀತೀನಿ, ಪೂರ್ತಿ ಓದಿ, ಯಾಕಂದ್ರೆ ಫೋನಲ್ಲಿ ನಿಮ್ಮೋರು ಯಾರೂ ಪೂರ್ತಿ ಕೇಳಿಸ್ಕೊಂಡಿಲ್ಲ.

2004ರಲ್ಲಿ ಟೈಮ್ ಮ್ಯಾಗಜಿನ್ ಏಷ್ಯಾದಲ್ಲೇ ಒಳ್ಳೇ ಬೀಚ್ ಅಂತ ಕರೆದಿದ್ದು ಇದನ್ನೇ, ನಿಮ್ಮ ಬ್ರೋಷರ್ ಮುಖಪುಟದಲ್ಲಿರೋದೂ ಇದರ ಸೂರ್ಯಾಸ್ತನೇ. ಪಶ್ಚಿಮಕ್ಕೆ ತೆರ್ಕೊಂಡಿರೋ ಬೀಚು, ಸಂಜೆ ಬಿಟ್ರೆ ಅಲ್ಲಿಗೆ ಫೋಟೋಗೆ ಹೋಗೋದ್ರಲ್ಲಿ ಅರ್ಥನೇ ಇಲ್ಲ. ಅಂಡಮಾನ್ ಅಷ್ಟು ಪೂರ್ವಕ್ಕಿದ್ರೂ ಗಡಿಯಾರ ನಮ್ಮದೇ, ಹಾಗಾಗಿ ಮೈಸೂರಲ್ಲಿ ಆರೂವರೆಗೆ ಮುಳುಗೋ ಸೂರ್ಯ ಅಲ್ಲಿ ಐದೂವರೆ ಒಳಗೇ ಮುಳುಗ್ತಾನೆ. ನಮಗೆ ಬೇಕಾಗಿದ್ದು ಐದರಿಂದ ಆರರವರೆಗೆ, ಅಷ್ಟೇ. ನಾವು ಮೂರೂವರೆಗೆ ತಲುಪಿದ್ವಿ, ಸಂತೋಷ ಆಯ್ತು, ಇದೊಂದಾದ್ರೂ ಸರಿ ಹೋಯ್ತಲ್ಲ ಅಂತ. ನಾನು ಜಾಗ ಹುಡುಕಿ, ಟ್ರೈಪಾಡ್ ಕಾಲು ಮರಳಲ್ಲಿ ಇಳಿಸಿ, ಲೆನ್ಸ್ ಮೇಲಿನ ಉಪ್ಪಿನ ಪಸೆ ಒರೆಸಿ, ಫಿಲ್ಟರ್ ಹಾಕ್ಕೊಂಡು ನಿಂತೆ. ನೀರು ಹಿಂದೆ ಸರಿದಿತ್ತು, ಒದ್ದೆ ಮರಳಲ್ಲಿ ಆಕಾಶ ಪೂರ್ತಿ ಬಿದ್ದಿತ್ತು, ಹಿಂದುಗಡೆ ಆ ಎತ್ತರದ ಕಾಡು ಮರಗಳು. ಮೋಡ ಕೆಂಪಾಗೋಕೆ ಶುರುವಾಗ್ತಿತ್ತು. ನಾಲ್ಕೂ ಮುಕ್ಕಾಲಿಗೆ ನಿಮ್ಮ ಟೂರ್ ಲೀಡರ್ ಬಂದು ಚಪ್ಪಾಳೆ ತಟ್ತಾ "ಎಲ್ರೂ ಗಾಡಿಗೆ, ಗಾಡಿಗೆ" ಅಂತ ಶುರು ಮಾಡಿದ.

ನಾನು ಸಮಾಧಾನವಾಗೇ ಹೇಳಿದೆ. "ನೋಡಪ್ಪ, ಇನ್ನು ಮುಕ್ಕಾಲು ಗಂಟೆಗೆ ಸೂರ್ಯ ಮುಳುಗುತ್ತೆ, ಇದಕ್ಕೋಸ್ಕರನೇ ಬಂದಿರೋದು ನಾವು."

"ಇಲ್ಲ ಆಂಟಿ, ಡ್ರೈವರ್‌ಗೆ ಜೆಟ್ಟಿಲಿ ಬೇರೆ ಪಿಕಪ್ ಇದೆ."

"ಪ್ರತ್ಯೇಕ ಗಾಡಿ ಅಂತ ಬರ್ದಿದೀರಲ್ಲಪ್ಪ?"

"ಅದೆಲ್ಲಾ ಆಫೀಸ್‌ನೋರ ಹತ್ರ ಕೇಳಿ. ಫೋಟೋ ತಾನೇ, ಮೊಬೈಲಲ್ಲಿ ತೆಗೀರಿ ಆಂಟಿ, ಇದಕ್ಕಿಂತ ಚೆನ್ನಾಗಿ ಬರುತ್ತೆ." ಹೇಳಿದ್ದಷ್ಟೇ ಅಲ್ಲ, ತನ್ನ ಫೋನ್ ತೆಗೆದು, ನನ್ನ ಟ್ರೈಪಾಡ್ ಮುಂದೆನೇ ಬಂದು ನಿಂತು ಒಂದು ಕ್ಲಿಕ್ ಮಾಡಿ ಪಕ್ಕದೋರಿಗೆ ತೋರಿಸಿದ, "ನೋಡಿ, ಎಡಿಟಿಂಗೇ ಬೇಡ" ಅಂತ. ನಾಲ್ಕೈದು ಜನ ನಕ್ಕರು. ಪ್ರೊಫೆಷನಲ್ ಫೋಟೋಗ್ರಾಫರ್ ಅಂತ ನೀವು ಹೇಳಿದ್ದು ಈತನ್ನೇ.

ನಾನು ಆಫೀಸಿಗೆ ಫೋನ್ ಮಾಡು ಅಂದೆ. ಮಾಡಿದ, ಬೇಕು ಅಂತಲೇ ಸ್ಪೀಕರ್ ಹಾಕ್ದ. ಆ ಕಡೆ ನಿಮ್ಮ ಆಪರೇಷನ್ಸ್‌ನೋರು, ನಾನು ಕೇಳಿಸ್ಕೋತಿದೀನಿ ಅಂತ ಗೊತ್ತಿತ್ತೋ ಇಲ್ವೋ, ಹೇಳಿದ್ದು ಇದು: "ಯಾರು, ಆ ಮೈಸೂರಿನ ಹೆಂಗಸಾ? ಅಡ್ಜಸ್ಟ್ ಮಾಡ್ಕೊಳೋಕೆ ಹೇಳು. ಆಗಲ್ಲ ಅಂದ್ರೆ ಆಟೋ ಮಾಡ್ಕೊಂಡು ಬರ್ಲಿ, ಒಬ್ಬರಿಗೋಸ್ಕರ ಎಲ್ರನ್ನೂ ಕಾಯ್ಸೋಕಾಗಲ್ಲ." ಅಷ್ಟು ಜನರ ಎದುರು. ಜೆಟ್ಟಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಬೀಚಲ್ಲಿ, ಕತ್ತಲಾಗೋ ಹೊತ್ತಲ್ಲಿ, ಗುರುತು ಪರಿಚಯ ಇಲ್ಲದ ಊರಲ್ಲಿ ಒಬ್ಬ ಹೆಂಗಸು ಆಟೋ ಮಾಡ್ಕೊಂಡು ಬರ್ಲಿ ಅಂತ! ನಿಮ್ಮ ಮನೆ ಹೆಣ್ಮಕ್ಕಳಿಗೆ ಹೀಗೆ ಹೇಳ್ತೀರಾ? ನಾನು ಆಟೋದಲ್ಲೇ ಬರ್ತೀನಿ ಅಂತ ನಿಂತಾಗ ಆ ಹುಡುಗ ನನ್ನ ಟ್ರೈಪಾಡ್ ಕಿತ್ತು ಕಾಲು ಮಡಚೋಕೆ ಶುರು ಮಾಡಿದ, ನನ್ನ ಕ್ಯಾಮೆರಾ ಅದರ ಮೇಲಿದ್ದ ಹಾಗೇನೇ. ನಾನು ಕೂಗಿದ್ಮೇಲೆ ಬಿಟ್ಟ. ಕ್ಯಾಮೆರಾ ಬಿದ್ದಿದ್ರೆ ಯಾರು ಕಟ್ಟಿಕೊಡ್ತಿದ್ರು? ಆ ಸಂಜೆ ಆಕಾಶ ಪೂರ್ತಿ ಕೆಂಪಾಗಿದ್ದನ್ನ ನಾನು ನೋಡಿದ್ದು ವ್ಯಾನ್ ಕಿಟಕಿಯಿಂದ, ಅಡಿಕೆ ತೋಟಗಳ ಮಧ್ಯೆ, ಅಳು ತಡ್ಕೊಂಡು. ನನಗೆ 56 ವರ್ಷ. ಬ್ಯಾಂಕಲ್ಲಿ ಕೆಲಸ ಮಾಡಿ, ಮಕ್ಕಳನ್ನ ದಡ ಸೇರಿಸಿ, ನನಗೆ ಅಂತ ಇಟ್ಕೊಂಡಿದ್ದ ದುಡ್ಡಲ್ಲಿ ಹೋಗಿದ್ದ ಪ್ರವಾಸ ಅದು.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ, ಅದನ್ನ ನಾನು ಬಿಡೋದೇ ಇಲ್ಲ. ಬಾರಾಟಾಂಗ್ ದ್ವೀಪಕ್ಕೆ ಹೋಗೋ ದಿನ, ಜಿರ್ಕಾಟಾಂಗ್ ಚೆಕ್‌ಪೋಸ್ಟ್ ದಾಟಿ ಜಾರವಾ ಬುಡಕಟ್ಟು ಜನರ ಕಾಡಿನ ರಸ್ತೆಲಿ ಕಾನ್ವಾಯ್‌ನಲ್ಲಿ ಹೋಗ್ತಿರುವಾಗ ಇದೇ ಟೂರ್ ಲೀಡರ್ "ಜಾರವಾ ಜನ ಕಂಡ್ರೆ ಮೊಬೈಲ್ ಕೆಳಗಿಟ್ಕೊಂಡು ವಿಡಿಯೋ ಮಾಡಿ, ಯಾರಿಗೂ ಗೊತ್ತಾಗಲ್ಲ" ಅಂತ ಹೇಳಿಕೊಟ್ಟಿದಾನೆ. ನಿಮ್ಮ ಬ್ರೋಷರ್‌ನಲ್ಲೂ "ಟ್ರೈಬಲ್ ಪೋರ್ಟ್ರೇಟ್ ಅವಕಾಶ" ಅಂತ ಅಚ್ಚು ಹಾಕಿಸಿದೀರಿ. ಆ ರಸ್ತೆಲಿ ಗಾಡಿ ನಿಲ್ಲಿಸೋ ಹಾಗಿಲ್ಲ, ಫೋಟೋ ವಿಡಿಯೋ ತೆಗೆಯೋ ಹಾಗಿಲ್ಲ. ಆ ಬುಡಕಟ್ಟು ಜನರ ರಕ್ಷಣೆಗೆ 1956ರಿಂದ ಕಾನೂನಿದೆ, 2012ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿದಾರೆ, ತಪ್ಪಿದ್ರೆ ಜೈಲು. ಅದೇ ವರ್ಷ ಪ್ರವಾಸಿಗರ ಮುಂದೆ ಜಾರವಾ ಹೆಣ್ಮಕ್ಕಳನ್ನ ಕುಣಿಸಿದ ವಿಡಿಯೋ ಹೊರಗೆ ಬಂದಾಗ ಎಷ್ಟು ದೊಡ್ಡ ಗಲಾಟೆ ಆಯ್ತು ಅಂತ ಅಂಡಮಾನ್ ಟೂರ್ ಮಾಡ್ಸೋರಿಗೆ ಗೊತ್ತಿರಲೇಬೇಕು. ಕ್ಯಾಮೆರಾ ಹಿಡಿಯೋರು ಯಾರೇ ಆಗ್ಲಿ, ಎಲ್ಲಿ ಕ್ಯಾಮೆರಾ ಕೆಳಗಿಡಬೇಕು ಅನ್ನೋದು ಮೊದಲ ಪಾಠ. ನಾವು ಮೂರು ಜನ ಕ್ಯಾಮೆರಾ ಬ್ಯಾಗಿಂದ ತೆಗೀಲಿಲ್ಲ. ತೆಗೆದೋರ ಹೆಸರು ನಾನು ಹೇಳಲ್ಲ, ಹೇಳಿಕೊಟ್ಟೋರು ಯಾರು ಅಂತ ಹೇಳ್ತೀನಿ.

ನಿಮ್ಮೋರು ಫೋನಲ್ಲಿ ಕಾರ್ಯಕ್ರಮ ಬದಲಾಯಿಸೋ ಹಕ್ಕು ಸಂಸ್ಥೆಗಿದೆ ಅಂತ ಹೇಳಿದ್ರು. ನಿಮ್ಮದೇ ಬುಕಿಂಗ್ ಷರತ್ತು ತೆಗೆದು ಓದಿ, ಹವಾಮಾನ, ಫೆರ್ರಿ ರದ್ದು, ಸರ್ಕಾರದ ಆದೇಶ, ಈ ಮೂರು ಕಾರಣಕ್ಕೆ ಮಾತ್ರ ಅಂತ ನೀವೇ ಬರೆದಿದೀರಿ. ನಮ್ಮ ಟೂರ್‌ನಲ್ಲಿ ಮಳೆ ಬರಲಿಲ್ಲ, ಫೆರ್ರಿ ಎಲ್ಲಾ ಟೈಮಿಗೆ ಹೊರಟ್ವು. ಬೇರೆ ಗುಂಪಿಗೆ ಅದೇ ಗಾಡಿ ಬಾಡಿಗೆಗೆ ಕೊಟ್ಟಿದ್ದು ಯಾವ ಹವಾಮಾನ ಸ್ವಾಮಿ?

ನನಗೆ ಬೇಕಾಗಿರೋದು ಇಷ್ಟು. ಫೋಟೋಗ್ರಫಿ ಹೆಸರಲ್ಲಿ ಜಾಸ್ತಿ ತಗೊಂಡ ತಲಾ 18,000 ವಾಪಸ್, ನಮ್ಮ ಮೂರೂ ಜನಕ್ಕೆ. ಆ ಟೂರ್ ಲೀಡರ್ ಮತ್ತು ಸ್ಪೀಕರ್‌ನಲ್ಲಿ ಮಾತಾಡಿದೋರಿಂದ ಬರವಣಿಗೆಲಿ ಕ್ಷಮೆ. ಬ್ರೋಷರ್‌ನಿಂದ ಆ ಟ್ರೈಬಲ್ ಪೋರ್ಟ್ರೇಟ್ ಸಾಲು ಇವತ್ತೇ ತೆಗೀಬೇಕು.

ಈ ಪತ್ರ ತಲುಪಿದ 15 ದಿನ ಕಾಯ್ತೀನಿ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲು ಮಾಡ್ತೀನಿ, ಜೊತೆಗೆ ಇಲ್ಲೇ ಮೈಸೂರು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸು. ನಿಮ್ಮ ಆಫೀಸು ಬೆಂಗಳೂರಲ್ಲಿದೆ, ಅಲ್ಲಿಗೇ ಬರಬೇಕು ಅಂತ ನಿಮ್ಮ ಹುಡುಗಿ ಹೇಳಿದ್ಳು, ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ಇರೋ ಊರಲ್ಲೇ ಹಾಕಬಹುದು, ಐದು ಲಕ್ಷದವರೆಗೆ ಶುಲ್ಕನೂ ಇಲ್ಲ, ವಕೀಲರೂ ಬೇಕಿಲ್ಲ. ನನಗೆ ಕಾಗದ ಪತ್ರ ಇಡೋದು ಗೊತ್ತು, ಜೀವನ ಪೂರ್ತಿ ಅದೇ ಕೆಲಸ ಮಾಡಿದೀನಿ. ಸೇವಾ ನ್ಯೂನತೆ ಒಂದೇ ಅಲ್ಲ, ದಾರಿ ತಪ್ಪಿಸೋ ಜಾಹೀರಾತು ಅಂತಾನೂ ಬರೀತೀನಿ, ಅದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹತ್ತು ಲಕ್ಷದವರೆಗೆ ದಂಡ ಹಾಕಬಹುದು.

ಜಾರವಾ ವಿಷಯದ ಪತ್ರಕ್ಕೆ ಮಾತ್ರ 15 ದಿನ ಇಲ್ಲ. ಅದು ಬ್ರೋಷರ್ ಪ್ರತಿ ಸಮೇತ ಇವತ್ತೇ ಅಂಡಮಾನ್ ಆಡಳಿತಕ್ಕೆ ಸ್ಪೀಡ್ ಪೋಸ್ಟಲ್ಲಿ ಹೋಗ್ತಿದೆ. ನೀವು ನನಗೆ ದುಡ್ಡು ವಾಪಸ್ ಕೊಟ್ರೂ ಅದನ್ನ ನಾನು ವಾಪಸ್ ತಗೊಳಲ್ಲ.

ಇಂತಿ,
ಮೈಸೂರಿನ ನಿಮ್ಮ ಗ್ರಾಹಕಿ

ಲಗತ್ತು: ಬ್ರೋಷರ್, ಬುಕಿಂಗ್ ರಸೀದಿ, ವಾಟ್ಸಾಪ್ ಸ್ಕ್ರೀನ್‌ಶಾಟ್‌ಗಳು, ಜೊತೆಗಿದ್ದ ಇಬ್ಬರು ಫೋಟೋಗ್ರಾಫರ್‌ಗಳ ಸಹಿ ಇರೋ ಹೇಳಿಕೆ