ಕಡ್ಡಾಯ ಹಬ್ಬದ ದಿನ ಕೆಲಸಕ್ಕೆ ಹೋದರೆ ಪಾಪವಾ?

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿನಲ್ಲಿ ಇದೇ ಚರ್ಚೆ. ಕಡ್ಡಾಯ ಹಬ್ಬ ಅಂದರೆ ಕಥೋಲಿಕ ಕ್ರೈಸ್ತರು ಭಾನುವಾರದಂತೆಯೇ ಪೂಜೆಗೆ ಬರಲೇಬೇಕಾದ ಹಬ್ಬ. ಸುಮ್ನೆ ಹೆದರಬೇಡಿ.

ಕಥೋಲಿಕ ಧರ್ಮಸಭೆಯ 1983ರ ಕಾನೂನು, ನಿಯಮ 1247 ಎರಡು ಮಾತು ಹೇಳುತ್ತದೆ. ಭಾನುವಾರ ಮತ್ತು ಕಡ್ಡಾಯ ಹಬ್ಬಗಳಲ್ಲಿ ಬಲಿಪೂಜೆಯಲ್ಲಿ (ಚರ್ಚ್‌ನ ಮುಖ್ಯ ಆರಾಧನೆ, ಮಾಸ್) ಭಾಗವಹಿಸಬೇಕು. ಆರಾಧನೆಗೆ, ಆ ದಿನದ ಸಂತೋಷಕ್ಕೆ, ಮೈಮನಸ್ಸಿನ ವಿಶ್ರಾಂತಿಗೆ ಅಡ್ಡಿಯಾಗುವ ಕೆಲಸ ಬಿಡಬೇಕು. ಯಾವ ಕೆಲಸ ಅಂತ ಪಟ್ಟಿ ಕೊಟ್ಟಿಲ್ಲ, ಗಮನಿಸಿ. ಗಿಡಕ್ಕೆ ನೀರು ಹಾಕುವುದು ಒಬ್ಬರಿಗೆ ದುಡಿಮೆ, ಇನ್ನೊಬ್ಬರಿಗೆ ಅದೇ ವಿಶ್ರಾಂತಿ, ಅಲ್ವಾ?

ನರ್ಸ್, ಬಸ್ ಚಾಲಕರು, ರಜೆ ಸಿಗದ ನೌಕರರು ತಪ್ಪಿತಸ್ಥರಲ್ಲ. ಮನೆಯ ಅಗತ್ಯ, ಜನರಿಗೆ ಬೇಕಾದ ಮುಖ್ಯ ಸೇವೆ ನ್ಯಾಯವಾದ ಕಾರಣ ಎಂದು ಧರ್ಮಸಭೆಯ ಬೋಧನೆಯ ಪುಸ್ತಕವಾದ ಧರ್ಮೋಪದೇಶವೇ (ಸಂಖ್ಯೆ 2185) ಒಪ್ಪುತ್ತದೆ. ಆದರೆ ಓವರ್‌ಟೈಮ್ ದುಡ್ಡಿನ ಆಸೆಗೆ ಹೋಗುವುದು ಬೇರೆ ಮಾತು. ನಾವು ವಿಶ್ರಾಂತಿ ತಗೊಂಡು, ಮನೆಗೆಲಸದವರನ್ನು ಮಾತ್ರ ದುಡಿಸುವುದೂ ಸರಿಯಲ್ಲ.

ಪಾಳಿ ಇದ್ದವರು ಹಿಂದಿನ ದಿನದ ಸಂಜೆಯ ಬಲಿಪೂಜೆಗೆ ಬಂದರೂ ಸಾಕು, ಲೆಕ್ಕಕ್ಕೆ ಬರುತ್ತದೆ. ಅದೂ ಆಗದಿದ್ದರೆ ನಿಮ್ಮ ಧರ್ಮಕೇಂದ್ರದ (ಊರಿನ ಚರ್ಚ್‌ನ) ಗುರುಗಳನ್ನು ಕೇಳಿ. ಸರಿಯಾದ ಕಾರಣವಿದ್ದರೆ ವಿನಾಯಿತಿ ಕೊಡುವ ಅಧಿಕಾರ ಅವರಿಗಿದೆ.

ಇನ್ನೊಂದು: ಕಾನೂನಿನಲ್ಲಿರುವ 10 ಹಬ್ಬಗಳೂ ಎಲ್ಲ ದೇಶಗಳಲ್ಲಿ ಕಡ್ಡಾಯವಲ್ಲ. ಬೇರೆ ದೇಶದ ಪಟ್ಟಿ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು.