ಪಂಚ್ ಏಳುವುದು ಪಾದದಿಂದ

ಮೂಡಿಗೆರೆ

ಪ್ರೀತಿಯ ಪುಟ್ಟಿಗೆ, ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ಹಾಸನದಿಂದ ನೀನು ಕಳಿಸಿದ ವಿಡಿಯೋ ನಾಲ್ಕೈದು ಸಲ ನೋಡಿದೆ. ನೀನು ಬಾಕ್ಸಿಂಗ್‌ಗೆ ಸೇರಿದ್ದು ನನಗೆ ಎಷ್ಟು ಖುಷಿ ಕೊಟ್ಟಿದೆ ಅಂತ ಹೇಳಲಾರೆ. ಆದರೆ ಕೈಯಲ್ಲಿದ್ದ ಡಂಬೆಲ್ಸ್ ನೋಡಿ ಸುಮ್ಮನಿರಲು ಆಗಲಿಲ್ಲ. ಫೋನಿನಲ್ಲಿ ಹೇಳಿದ್ದು ಹಾರಿಹೋಗುತ್ತದೆ, ಬರೆದದ್ದನ್ನು ಮತ್ತೆ ಓದಬಹುದು. ಅದಕ್ಕೇ ಈ ಕಾಗದ.

ಎರಡೆರಡು ಕೆಜಿ ಹಿಡಿದು ದಿನಾ 500 ಪಂಚ್ ಅಂದೆಯಲ್ಲ. ಭಾರ ಕೈಯನ್ನು ಎಳೆಯುವುದು ಕೆಳಕ್ಕೆ. ನಿನ್ನ ಪಂಚ್ ಹೋಗುವುದು ಮುಂದಕ್ಕೆ. ಹಾಗಾದರೆ ದುಡಿಯುತ್ತಿರುವುದು ಯಾವುದು? ಕೈ ಬೀಳದ ಹಾಗೆ ಎತ್ತಿ ಹಿಡಿದ ಭುಜ, ಅಷ್ಟೇ. ಕೈ ನಿಧಾನಕ್ಕೆ ಹೋಗುವುದನ್ನೇ ಕಲಿಯುತ್ತದೆ. ಮೊಣಕೈಗೂ ಪೆಟ್ಟು. ಅದನ್ನು ಇವತ್ತೇ ಬಿಟ್ಟುಬಿಡು.

ನಮ್ಮ ತೋಟದಲ್ಲಿ ಸೌದೆ ಒಡೆಯುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಹೊಸಬರು ಕೊಡಲಿಯನ್ನು ಮೊದಲಿಂದಲೇ ಬಿಗಿಯಾಗಿ ಹಿಡಿಯುತ್ತಾರೆ, ಮಧ್ಯಾಹ್ನದೊಳಗೆ ಸುಸ್ತು. ಪಳಗಿದವರ ಕೈ ಸಡಿಲವಾಗಿರುತ್ತದೆ. ಕಾಲು ಊರಿ, ಸೊಂಟ ಬಗ್ಗಿಸಿ, ಕೊಡಲಿ ಮರಕ್ಕೆ ತಾಗುವ ಹೊತ್ತಿಗೆ ಮಾತ್ರ ಹಿಡಿತ ಬಿಗಿ ಮಾಡುತ್ತಾರೆ. ಪಂಚ್ ಕೂಡ ಹಾಗೇ. ಮುಷ್ಟಿಯನ್ನು ಮೊದಲೇ ಬಿಗಿದರೆ ತೋಳು, ಭುಜ ಎಲ್ಲ ಬಿಗಿಯಾಗಿ ಕೈಗೆ ಬ್ರೇಕ್ ಹಾಕಿದ ಹಾಗಾಗುತ್ತದೆ. ವಿಡಿಯೋದಲ್ಲಿ ನಿನ್ನ ಭುಜ ಕಿವಿಯ ಹತ್ತಿರ ಬಂದಿತ್ತು, ನೋಡಿಕೋ.

ಇನ್ನು ಪಾದ. ನಿನ್ನ ಬಲಗೈ ಹೋಗುವಾಗ ಹಿಂದಿನ ಕಾಲು ಮರದ ಹಾಗೆ ನಿಂತಿತ್ತು. ಆ ಹಿಂದಿನ ಪಾದದ ಮುಂಭಾಗದಿಂದ ನೆಲವನ್ನು ತಳ್ಳಬೇಕು. ಹಿಮ್ಮಡಿ ಹೊರಕ್ಕೆ ತಿರುಗಬೇಕು. ಅದರ ಜೊತೆ ಸೊಂಟ, ಆಮೇಲೆ ಭುಜ, ಕೊನೆಗೆ ಮುಷ್ಟಿ. ತಾಗುವಾಗ ಉಸಿರು ಚುರುಕಾಗಿ ಹೊರಗೆ ಬರಲಿ. ಹೊಡೆದ ವೇಗದಲ್ಲೇ ಕೈ ಕೆನ್ನೆಗೆ ವಾಪಸ್ ಬರಲಿ. ಇನ್ನೊಂದು, ಹೊಡೆಯುವ ಮುಂಚೆ ನೀನು ಕೈಯನ್ನು ಒಂದಿಷ್ಟು ಹಿಂದಕ್ಕೆ ಎಳೆಯುತ್ತೀಯ. ಎದುರಿಗಿರುವವಳಿಗೆ ಅದೇ ಸೂಚನೆ. ಕನ್ನಡಿ ಮುಂದೆ ನಿಂತು ಶ್ಯಾಡೋ ಬಾಕ್ಸಿಂಗ್, ಅಂದರೆ ಎದುರಾಳಿ ಇಲ್ಲದೆ ಗಾಳಿಗೆ ಹೊಡೆಯುವುದು, ಮಾಡಿ ಆ ಎಳೆತ ತೆಗೆದುಹಾಕು. ಕೈಯ ವೇಗ ಅಷ್ಟೇ ಇದ್ದರೂ ಪಂಚ್ ಬೇಗ ತಲುಪುತ್ತದೆ.

'ನಾನು ಸಣ್ಣಗಿದ್ದೀನಿ, ಪಂಚ್‌ನಲ್ಲಿ ದಮ್ ಇಲ್ಲ ಮಾವ' ಅಂದಿದ್ದೆ. ಪಿಯುಸಿ ಫಿಸಿಕ್ಸ್ ನೆನಪಿಸಿಕೋ. ತೂಕ ಎರಡು ಪಟ್ಟಾದರೆ ಚಲನಶಕ್ತಿಯೂ ಎರಡೇ ಪಟ್ಟು. ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಮೇರಿ ಕೋಮ್ 48 ಕೆಜಿಯಲ್ಲಿ ವಿಶ್ವ ಚಾಂಪಿಯನ್ ಆದವರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬಾಕ್ಸಿಂಗ್‌ಗೆ ಇದ್ದದ್ದೇ ಮೂರು ತೂಕದ ವಿಭಾಗ, ಅದರಲ್ಲಿ ಎಲ್ಲಕ್ಕಿಂತ ಕೆಳಗಿನದು 51 ಕೆಜಿ. ತಮಗಿಂತ ದೊಡ್ಡವರ ಜೊತೆ ಆಡಿ ಕಂಚು ತಂದರು.

ವೇಗ ಬರಬೇಕಾದರೆ ಮೈ ದಣಿದಿರಬಾರದು. ಈ ಮಾತನ್ನು ಜಾಸ್ತಿ ಜನ ನಂಬುವುದಿಲ್ಲ. ತೂಗುಹಾಕಿದ ಪಂಚಿಂಗ್ ಬ್ಯಾಗ್ ಮೇಲೆ 10 ಸೆಕೆಂಡ್ ಪೂರ್ತಿ ವೇಗದಲ್ಲಿ ಹೊಡಿ, ಆಮೇಲೆ ಒಂದು ನಿಮಿಷ ಸುಮ್ಮನೆ ನಡೆದಾಡು. ಐದಾರು ಸಲ ಸಾಕು. ಕೈ ನಿಧಾನವಾದ ತಕ್ಷಣ ನಿಲ್ಲಿಸು. ಶಕ್ತಿ ಬೆಳೆಸಲು ಸ್ಕ್ವಾಟ್, ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡು) ಸೊಂಟ ತಿರುಗಿಸಿ ಗೋಡೆಗೆ ಎಸೆಯುವುದು, ಚಪ್ಪಾಳೆ ಹೊಡೆಯುವ ಪುಷ್‌ಅಪ್. ಒಂದೊಂದು ಸಲಕ್ಕೆ ಐದೇ, ನಡುವೆ ಎರಡು ನಿಮಿಷ ಬಿಡುವು. ಇದು ವಾರಕ್ಕೆ ಎರಡು ದಿನ ಮಾತ್ರ. ಸ್ಕಿಪ್ಪಿಂಗ್ ದಿನಾ ಇರಲಿ. ನಿನ್ನ ಕೋಚ್ ಬೇರೆ ಹೇಳಿದರೆ ಅವರ ಮಾತೇ ಕೇಳು, ಅವರು ನಿನ್ನನ್ನು ದಿನಾ ನೋಡುತ್ತಾರೆ. ರಾತ್ರಿ ಫೋನ್ ಇಟ್ಟು ಬೇಗ ಮಲಗು. ಮೊಟ್ಟೆ, ಹುರುಳಿ ಸಾರು ಬಿಡಬೇಡ.

ಕೊನೆಗೆ ಕೈಯ ವಿಷಯ. ಕಾಲೇಜಿನಲ್ಲಿದ್ದಾಗ ನಾನು ಕೈಗೆ ಬಟ್ಟೆಯ ಪಟ್ಟಿ ಸುತ್ತದೆ, ದಣಿದ ಮೇಲೂ ಛಲಕ್ಕೆ ಬ್ಯಾಗಿಗೆ ಹೊಡೆದೆ. ಒಳಗಿದ್ದದ್ದು ಬರೀ ಮರಳು. ಮರಳು ಕೆಳಗೆ ಇಳಿದು ಕಲ್ಲಿನ ಹಾಗೆ ಕೂತಿತ್ತು. ಕಿರುಬೆರಳಿನ ಕೆಳಗಿನ ಮೂಳೆ ಮುರಿಯಿತು. ಆ ಗೆಣ್ಣು ಇವತ್ತಿಗೂ ಒಳಗೆ ಕುಸಿದೇ ಇದೆ. ನನ್ನ ಬಾಕ್ಸಿಂಗ್ ಅಲ್ಲಿಗೇ ನಿಂತಿತು, ಆ ನೋವು ಕೈಯ ನೋವಿಗಿಂತ ದೊಡ್ಡದು ಪುಟ್ಟಿ. ಪಟ್ಟಿ ಸುತ್ತದೆ ಒಂದು ಪಂಚ್ ಕೂಡ ಬೇಡ. ತೋರುಬೆರಳು, ನಡುಬೆರಳಿನ ಗೆಣ್ಣು ತಾಗಲಿ. ಮಣಿಕಟ್ಟು ನೆಟ್ಟಗಿರಲಿ.

ದೀಪಾವಳಿಗೆ ಬರುತ್ತೀಯಲ್ಲ? ಕಣದ ಪಕ್ಕದ ಶೆಡ್ಡಿನಲ್ಲಿ ಬ್ಯಾಗ್ ತೂಗುಹಾಕಲು ಕೊಂಡಿ ಹಾಕಿಸಿದ್ದೇನೆ. ತುಂಬುವುದಕ್ಕೆ ಹಳೆ ಸೀರೆ, ಬೆಡ್‌ಶೀಟ್ ತೆಗೆದಿಡಲು ನಿಮ್ಮಮ್ಮನಿಗೆ ಹೇಳು. ಎರಡು ಮೂಟೆಯಾದರೂ ಬೇಕು.

ನಿನ್ನ ಮಾವ