ಪದವೀಧರರು ‘1’ ಬರೆಯುವ ಮುನ್ನ

ಮಾನ್ಯರೇ,

‘ಮನುಷ್ಯ ಒಳ್ಳೆಯವನೇ, ಆದರೆ ಗೆಲ್ಲೋ ಕುದುರೆ ಅಲ್ಲ, ಓಟು ಹಾಳಾಗುತ್ತೆ’. ವಿಧಾನಸಭೆ ಚುನಾವಣೆಯಲ್ಲಿ ಈ ಮಾತಿಗೆ ಒಂದಿಷ್ಟು ಅರ್ಥವಿದೆ. 2023ರಲ್ಲಿ ಜಯನಗರದ ಫಲಿತಾಂಶ ತೀರ್ಮಾನವಾದದ್ದು 16 ಮತಗಳಿಂದ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ. ಯಂತ್ರದಲ್ಲಿ ಒತ್ತುವುದು ಒಂದೇ ಗುಂಡಿ. ಮೂರನೆಯವರಿಗೆ ಒತ್ತಿದ್ದು ಮೊದಲಿಬ್ಬರ ಲೆಕ್ಕಕ್ಕೆ ಬಾರದು.

ಆದರೆ ವಿಧಾನ ಪರಿಷತ್ತಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲೂ ಇದೇ ಮಾತು ಓಡಾಡುತ್ತದೆ. ಅಲ್ಲಿ ಅದಕ್ಕೆ ಬುಡವೇ ಇಲ್ಲ. ಅಲ್ಲಿರುವುದು ಮತಪತ್ರ ಮತ್ತು ಪ್ರಾಶಸ್ತ್ಯ ಮತ, ಅಂದರೆ ಅಭ್ಯರ್ಥಿಗಳ ಹೆಸರಿನೆದುರು ನಮ್ಮ ಮೆಚ್ಚುಗೆಯ ಕ್ರಮದಲ್ಲಿ 1, 2, 3 ಎಂದು ಬರೆಯುವುದು.

ಲೆಕ್ಕ ಹೀಗೆ. ಸಿಂಧುವಾದ ಮತಗಳು 60,000 ಎಂದುಕೊಳ್ಳಿ. ಅದರ ಅರ್ಧಕ್ಕೆ ಒಂದು ಸೇರಿಸಿದರೆ 30,001. ಗೆಲ್ಲಲು ಬೇಕಾದ ಕೋಟಾ ಅದು. ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಅಷ್ಟು ಮುಟ್ಟದಿದ್ದರೆ ಕೊನೆಯ ಸ್ಥಾನದಲ್ಲಿರುವ ಅಭ್ಯರ್ಥಿಯನ್ನು ಕೈಬಿಟ್ಟು, ಅವರ ಕಟ್ಟು ಬಿಚ್ಚಿ, ಪ್ರತಿ ಮತಪತ್ರದಲ್ಲಿ ‘2’ ಯಾರಿಗಿದೆ ಎಂದು ನೋಡಿ ಅವರ ಬುಟ್ಟಿಗೆ ಹಾಕುತ್ತಾರೆ. ಆ ‘2’ ಪಡೆದವರು ಆಗಲೇ ಹೊರಬಿದ್ದಿದ್ದರೆ ‘3’ ನೋಡುತ್ತಾರೆ. ಹೀಗೇ ಒಬ್ಬೊಬ್ಬರು ಹೊರಗೆ. ಎಣಿಕೆ ರಾತ್ರಿಯೆಲ್ಲ ಎಳೆಯುವುದು ಇದಕ್ಕೇ. ಅಂದರೆ ನೀವು ಮೆಚ್ಚಿದವರು 300 ಮತಕ್ಕೆ ನಿಂತುಹೋದರೂ ನಿಮ್ಮ ಮತಪತ್ರ ಮೇಜಿನ ಮೇಲೇ ಇರುತ್ತದೆ, ‘2’ ಬರೆದಿದ್ದರೆ ಮಾತ್ರ. ಬರೆಯದಿದ್ದರೆ ಅದನ್ನು ಬದಿಗಿಡುತ್ತಾರೆ.

ಪಕ್ಷಗಳ ಕಾರ್ಯಕರ್ತರು ‘ಒಂದೇ ಹಾಕಿ ಸಾರ್, ಎರಡು ಬರೆದರೆ ನಮ್ಮವರಿಗೆ ಕಡಿಮೆಯಾಗುತ್ತೆ’ ಎಂದು ಹೇಳಿಕೊಡುತ್ತಾರೆ. ಇದು ಶುದ್ಧ ಸುಳ್ಳು. ಒಂದೇ ಸ್ಥಾನದ ಚುನಾವಣೆಯಲ್ಲಿ ‘1’ ಪಡೆದವರು ಕಣದಲ್ಲಿರುವವರೆಗೆ ನಿಮ್ಮ ‘2’ ಅನ್ನು ಯಾರೂ ನೋಡುವುದಿಲ್ಲ.

ಹಾಗಾಗಿ ನಂಬಿದವರಿಗೆ ‘1’ ಬರೆಯಿರಿ. ‘ಗೆಲ್ಲಬಹುದು, ಪರವಾಗಿಲ್ಲ’ ಅನಿಸಿದವರಿಗೆ ‘2’. ಸುತರಾಂ ಬೇಡವಾದವರ ಎದುರು ಏನೂ ಬರೆಯಬೇಡಿ.

ಇನ್ನು ಮತ ಕೆಡುವ ಬಗೆ. ಪದವಿ ಪಡೆದವರ ಕ್ಷೇತ್ರದಲ್ಲೇ ತಿರಸ್ಕೃತ ಮತಗಳ ಕಟ್ಟು ಕಟ್ಟಬೇಕಾಗಿ ಬರುವುದು ನಗೆಪಾಟಲೇ ಸರಿ. ಹೆಸರಿನ ಮುಂದೆ ರೈಟ್ ಗುರುತು ಹಾಕಿದರೆ ಹೋಯಿತು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೂ ಹೋಯಿತು, ಅಂಕಿಯೇ ಬೇಕು. 1 ಆಗಲಿ, ರೋಮನ್ I ಆಗಲಿ, ಕನ್ನಡದ ೧ ಆಗಲಿ ನಡೆಯುತ್ತದೆ. ಇಬ್ಬರಿಗೆ ‘1’ ಬರೆದರೆ, ‘1’ ಬಿಟ್ಟು ‘2’ರಿಂದ ಶುರು ಮಾಡಿದರೆ, ಒಬ್ಬರ ಎದುರೇ 1, 2 ಎರಡನ್ನೂ ಬರೆದರೆ ಅಸಿಂಧು. ಅಂಕಿ ಎರಡು ಮನೆಗಳ ನಡುವಿನ ಗೆರೆಯ ಮೇಲೆ ಕೂತು ಯಾರಿಗೆಂದು ಗೊತ್ತಾಗದಿದ್ದರೂ ಅಷ್ಟೇ. ಸಹಿ, ಹೆಸರು ಹಾಕುವ ಚಾಳಿಯಂತೂ ಬೇಡವೇ ಬೇಡ. ಮತಗಟ್ಟೆಯಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು. ಜೇಬಿನ ಪೆನ್ನು ಜೇಬಿನಲ್ಲೇ ಇರಲಿ. ‘2’ ಅನ್ನು ಇಬ್ಬರಿಗೆ ಬರೆದರೆ ಮಾತ್ರ ‘1’ ಉಳಿಯುತ್ತದೆ, ಮುಂದಿನದು ಲೆಕ್ಕಕ್ಕಿಲ್ಲ.

2020ರ ಅಕ್ಟೋಬರ್‌ನಲ್ಲಿ ಮತದಾನ ನಡೆದ ಆಗ್ನೇಯ ಪದವೀಧರರ, ಪಶ್ಚಿಮ ಪದವೀಧರರ, ಈಶಾನ್ಯ ಶಿಕ್ಷಕರ ಮತ್ತು ಬೆಂಗಳೂರು ಶಿಕ್ಷಕರ ಕ್ಷೇತ್ರಗಳ ಆರು ವರ್ಷದ ಅವಧಿ ಮುಗಿಯುವುದು 2026ಕ್ಕೆ. ಈ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿಯೇ ಮಾಡುತ್ತಾರೆ. ಕಳೆದ ಸಲ ಓಟು ಹಾಕಿದ್ದೇವಲ್ಲ ಎಂದು ಕೂತವರ ಹೆಸರು ಅದರಲ್ಲಿ ಇರುವುದಿಲ್ಲ. ಪದವೀಧರರು ನಮೂನೆ 18, ಶಿಕ್ಷಕರು ನಮೂನೆ 19 ತುಂಬಿ ಕೊಡಬೇಕು. ಅರ್ಹತಾ ದಿನವಾದ ನವೆಂಬರ್ 1ಕ್ಕೆ ಪದವಿ ಪಡೆದು ಮೂರು ವರ್ಷವಾಗಿರಬೇಕು. ಶಿಕ್ಷಕರಾದರೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿ ಪಾಠ ಮಾಡಿರಬೇಕು. ಅರ್ಜಿಯ ಜತೆ ಪದವಿ ಪ್ರಮಾಣಪತ್ರ ಅಥವಾ ಅಂಕಪಟ್ಟಿಯ ದೃಢೀಕರಿಸಿದ ಪ್ರತಿ ಲಗತ್ತಿಸಿ.

– ನಿವೃತ್ತ ಮತಗಟ್ಟೆ ಅಧಿಕಾರಿ, ಗದಗ